ಬೇಕರಿಯಲ್ಲಿ ನಾನು ಆಡಿದ ಮಾತು

ನಾನು ವಕೀಲರ ಗುಮಾಸ್ತ. ಇಪ್ಪತ್ತಮೂರು ವರ್ಷದಿಂದ ಒಬ್ಬರೇ ವಕೀಲರ ಹತ್ತಿರ ಇದ್ದೇನೆ. ಕೇಸಿನ ಕಟ್ಟು ಹೊಲಿಯುವುದು, ಅರ್ಜಿ ಸಲ್ಲಿಸುವುದು, ತೀರ್ಪಿನ ನಕಲಿಗಾಗಿ ಕಿಟಕಿಯ ಮುಂದೆ ಸಾಲು ನಿಲ್ಲುವುದು, ನಾಳೆ ಯಾವ ಕೋರ್ಟಿನಲ್ಲಿ ಎಷ್ಟನೇ ನಂಬರಿಗೆ ನಮ್ಮ ಕೇಸು ಬರುತ್ತದೆಂದು ಪಟ್ಟಿ ನೋಡಿ ಗುರುತು ಹಾಕುವುದು ನನ್ನ ಕೆಲಸ. ಈ ಕೆಲಸಕ್ಕೆ ಸೇರಿದವನು ಮೊದಲು ಕಲಿಯಬೇಕಾದ ಪಾಠ ಬಾಯಿ ಮುಚ್ಚಿಕೊಂಡಿರುವುದು. ಅದನ್ನು ಚೆನ್ನಾಗಿ ಕಲಿತಿದ್ದೇನೆಂಬ ಜಂಬ ನನಗಿತ್ತು. ಒಂದೇ ಒಂದು ಸಲ, ಕಾಕ್ಸ್ ಟೌನಿನ ಬೇಕರಿಯ ಮುಂದೆ ನಿಂತು ಖಾರಾ ಬನ್ ತಿನ್ನುತ್ತಾ ಬಾಯಿ ಬಿಟ್ಟೆ. ಅದರಿಂದ ಏನಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಯಾರೂ ಹೇಳುವುದಿಲ್ಲ. ನನ್ನ ಸಿಟ್ಟೆಲ್ಲ ಅದರ ಮೇಲೆಯೇ.

ನಮ್ಮ ವಕೀಲರು ಹೆಂಗಸು. ನಾನು ಮೊದಲಿಂದಲೂ ಮೇಡಂ ಎಂದೇ ಕರೆಯುವುದು. ಅವರು ಹುಟ್ಟಿದ್ದು ಶಿವಾಜಿನಗರದಲ್ಲಿ. ತಂದೆಗೆ ಅಲ್ಲಿ ಗುಂಡಿ, ದಾರ, ಲೇಸು ಮಾರುವ ಸಣ್ಣ ಅಂಗಡಿ ಇತ್ತು. ತಂದೆ ತೀರಿಕೊಂಡು ಅಂಗಡಿ ಮುಚ್ಚಿದ ಮೇಲೆ ತಾಯಿ ಮಗಳು ಕಾಕ್ಸ್ ಟೌನಿನ ಒಂದು ಹಳೆಯ ಮನೆಗೆ ಬಂದರು. ಮುಂದಿನ ಕೋಣೆ ಆಫೀಸು, ಹಿಂದೆ ಮನೆ. ಮೇಡಂ ಮದುವೆಯಾಗಲಿಲ್ಲ. ಕಕ್ಷಿದಾರ ಎಷ್ಟೇ ದೊಡ್ಡವನಾಗಿರಲಿ, ಕೇಸಿನಲ್ಲಿ ಹುರುಳಿಲ್ಲದಿದ್ದರೆ ಮೊದಲ ದಿನವೇ, "ಇದು ನಿಲ್ಲಲ್ಲ, ರಾಜಿ ಮಾಡ್ಕೊಳ್ಳಿ" ಎಂದುಬಿಡುತ್ತಿದ್ದರು. ಪಕ್ಕದ ಆಫೀಸುಗಳಲ್ಲಿ ಅಂಥ ಕೇಸುಗಳನ್ನು ಹತ್ತು ವರ್ಷ ಎಳೆದು ಮನೆ ಕಟ್ಟಿಸಿಕೊಂಡವರಿದ್ದಾರೆ. ನಾನು ಇದನ್ನೇ ಒಂದು ದಿನ ಹೇಳಿದ್ದಕ್ಕೆ, "ನಿಮಗೂ ಒಂದ್ ಮನೆ ಬೇಕಾ? ಹೋಗಿ ಅಲ್ಲೇ ಸೇರ್ಕೊಳ್ಳಿ" ಎಂದು ಬೈಸಿಕೊಂಡೆ.

ಎಂಟು ವರ್ಷದ ಹಿಂದೆ ಹಲಸೂರಿನ ಒಬ್ಬ ವಿಧವೆಯ ಮನೆಯ ಕೇಸು ನಮ್ಮ ಕೈಯಲ್ಲಿತ್ತು. ಎದುರು ಕಕ್ಷಿ, ಕಟ್ಟಡ ಕಟ್ಟಿಸುವ ಒಂದು ಕಂಪನಿ. ಕೇಸು ಕೊನೆಯ ವಾದಕ್ಕೆ ಬಂದಾಗ, ಆ ಕಂಪನಿಯ ಪಾಲುದಾರರಲ್ಲಿ ಒಬ್ಬ ನಮ್ಮ ಕೇಸು ಕೇಳುತ್ತಿದ್ದ ಜಡ್ಜಿನ ಭಾಮೈದ ಎಂಬುದು ಕಾಗದದ ಸಮೇತ ಮೇಡಂಗೆ ಸಿಕ್ಕಿತು. ಅವರು ಎದ್ದು ನಿಂತು, ಬಹಳ ಮೆತ್ತಗೆ, ತಾವು ಈ ಕೇಸನ್ನು ಬಿಟ್ಟು ಬೇರೆ ಕೋರ್ಟಿಗೆ ಕಳುಹಿಸಿದರೆ ಒಳ್ಳೆಯದು ಎಂದು ಕೇಳಿಕೊಂಡರು. ಜಡ್ಜು ಕನ್ನಡಕ ತೆಗೆದು ನಕ್ಕರು. "ನನ್ ಮೇಲೆ ನಂಬಿಕೆ ಇಲ್ವೇನಮ್ಮಾ?" ಎಂದರು. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಹಿಂದಿನ ಬೆಂಚಿನ ಪಕ್ಕ ಕಟ್ಟು ಹಿಡಿದು ನಿಂತಿದ್ದ ನನಗೆ ಕಿವಿ ಬಿಸಿಯಾಯಿತು. ಎರಡು ವಾರದಲ್ಲಿ ತೀರ್ಪು ಬಂತು. ಆ ಹೆಂಗಸು ಸೋತರು.

ಮೇಡಂ ಪತ್ರಿಕೆಯವರ ಹತ್ತಿರ ಹೋಗಲಿಲ್ಲ, ವಕೀಲರ ಸಭೆಯಲ್ಲಿ ಕೂಗಾಡಲಿಲ್ಲ. ಮೂರು ಪುಟದ ದೂರು ಬರೆದು, ಅದಕ್ಕೆ ಪ್ರಮಾಣಪತ್ರ ಮಾಡಿ, ಕಾಗದಗಳ ನಕಲು ಸೇರಿಸಿ, ಜಡ್ಜುಗಳ ಮೇಲಿನ ದೂರು ನೋಡುವ ದೊಡ್ಡವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದರು. ಟೈಪ್ ಮಾಡಿದವನು ನಾನು.

"ಇದು ಬೇರೆ ಯಾರ್ಗೂ ಗೊತ್ತಾಗ್ಬಾರ್ದು" ಎಂದರು.

"ಯಾಕ್ ಮೇಡಂ? ಗೊತ್ತಾಗ್ಲಿ ಬಿಡಿ. ನಾಲ್ಕ್ ಜನ ಉಗೀಲಿ."

"ವಿಚಾರಣೆ ಆಗಿ, ತಪ್ಪು ಅಂತ ತೀರ್ಮಾನ ಆಗೋವರೆಗೂ ಅವರ ಹೆಸರು ಬೀದೀಲಿ ಬರ್ಬಾರ್ದು ರೀ. ನಮ್ ಕಕ್ಷಿದಾರರಿಗೆ ಕೇಳೋ ನ್ಯಾಯ ಅವರಿಗೂ ಬೇಡ್ವಾ?"

ದೂರು ತಲುಪಿದ್ದಕ್ಕೆ ಅಂಚೆಯ ಸ್ವೀಕೃತಿ ಚೀಟಿ ಒಂದು ವಾಪಸು ಬಂತು. ಅಷ್ಟೇ. ವಿಚಾರಣೆ ಮಾಡಿದೆವು ಅಂತಲೂ ಇಲ್ಲ, ಮಾಡಲಿಲ್ಲ ಅಂತಲೂ ಇಲ್ಲ. ಆ ಜಡ್ಜು ಬಡ್ತಿ ಪಡೆದು, ಹಾರ ಹಾಕಿಸಿಕೊಂಡು ನಿವೃತ್ತರಾದರು. ವಿಧವೆಯ ಅಪೀಲು ಇನ್ನೂ ನಡೆಯುತ್ತಿದೆ. ಆ ಸ್ವೀಕೃತಿ ಚೀಟಿಯನ್ನು ನಾನು ಕಡತಕ್ಕೆ ಸೇರಿಸಿ ಹೊಲಿದಿಟ್ಟಿದ್ದೇನೆ.

ಅದಾಗಿ ನಾಲ್ಕು ವರ್ಷಕ್ಕೆ ಮೇಡಂ ಹೆಸರನ್ನು ಹೈಕೋರ್ಟಿನ ಜಡ್ಜು ಸ್ಥಾನಕ್ಕೆ ಕಳುಹಿಸಿದರು. ಇದು ನಾವು ಅರ್ಜಿ ಹಾಕಿ ಪಡೆಯುವ ಕೆಲಸವಲ್ಲ. ಮೇಲಿನವರು ತಾವೇ ನೋಡಿ, ತೂಗಿ, ಕರೆದು ಕೇಳುತ್ತಾರೆ. ಒಪ್ಪಿದರೆ ಹೆಸರು ದೆಹಲಿಗೆ ಹೋಗುತ್ತದೆ. ಮೇಡಂ ಒಪ್ಪಿಗೆ ಪತ್ರ ಕೊಟ್ಟು ಬಂದ ದಿನ ಅವರ ತಾಯಿ ಹಳೆಯ ಅಂಗಡಿಯಿಂದ ಉಳಿದಿದ್ದ ಗುಂಡಿಯ ಡಬ್ಬಿಯನ್ನು ಅಟ್ಟದಿಂದ ಇಳಿಸಿಕೊಂಡರು. ಅದರೊಳಗಿಂದ ಒಂದೇ ಅಳತೆಯ ಎಂಟು ಕಪ್ಪು ಗುಂಡಿ ಆರಿಸಿ, ಜಡ್ಜಾದ ದಿನ ಹಾಕುವ ಕೋಟಿಗೆ ಇವೇ ಇರಬೇಕೆಂದು ಪೊಟ್ಟಣ ಕಟ್ಟಿಟ್ಟರು. ಮೇಡಂ ವಾದಿಸಿದ ಕೇಸುಗಳ ತೀರ್ಪುಗಳನ್ನು ಹುಡುಕಿ, ಜೋಡಿಸಿ, ಹೊಲಿದು ಕೊಟ್ಟವನು ನಾನೇ. ಆ ಕಟ್ಟು ಎತ್ತಿಕೊಂಡು ಹೋಗುವಾಗ ಬೀಗಿದಷ್ಟು ನನ್ನ ಮಗಳ ಮದುವೆಯಲ್ಲಿ ಕೂಡ ಬೀಗಿರಲಿಲ್ಲ.

ಎರಡು ತಿಂಗಳಾಗಿತ್ತೇನೋ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಂಚೆ ಹಾಕಿ ಬರುತ್ತಿದ್ದೆ. ಬೇಕರಿಯ ಹತ್ತಿರ ಒಬ್ಬರು ನಿಲ್ಲಿಸಿದರು. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಮಾತ್ರ ಪೊಲೀಸರ ಕಂದು ಬೂಟು.

"ಅಣ್ಣಾ, ನೀವು ಆ ವಕೀಲ್ರ ಮೇಡಂ ಹತ್ರ ಇರೋರಲ್ವಾ? ಬನ್ನಿ, ಟೀ ಕುಡಿಯಣ. ಸುಮ್ನೆ ಒಂದೆರಡು ಮಾತು ವಿಚಾರಿಸ್ಬೇಕಿತ್ತು."

ಜಡ್ಜು ಮಾಡುವ ಮುಂಚೆ ಹೀಗೆ ಗುಟ್ಟಾಗಿ ವಿಚಾರಿಸುತ್ತಾರೆಂದು ಕೇಳಿದ್ದೆ. ನನ್ನ ಎದೆ ಉಬ್ಬಿತು.

ಇಲ್ಲಿ ನಮ್ಮ ಊರಿನ ಒಂದು ಪದ್ಧತಿ ಹೇಳಬೇಕು. ನಮ್ಮದು ಕೆ.ಆರ್. ಪುರದಾಚೆಯ ಹಳ್ಳಿ. ಈಗ ಅದು ಬರೀ ಲೇಔಟು, ಆದರೆ ನಾನು ಬೆಳೆಯುವಾಗ ರಾಗಿ ಹೊಲವಿತ್ತು. ಹೆಣ್ಣು ಕೇಳುವವರು ನಮ್ಮಲ್ಲಿ ನೇರವಾಗಿ ಹೆಣ್ಣಿನ ಮನೆಗೆ ಬರುತ್ತಿರಲಿಲ್ಲ. ಊರ ಮುಂದಿನ ಅಂಗಡಿಯಲ್ಲಿ ಬೀಡಿ ಹಚ್ಚಿ ಕೂತು, ಹೋಗುವವರು ಬರುವವರ ಹತ್ತಿರ ಆ ಮನೆಯ ಬಗ್ಗೆ ವಿಚಾರಿಸುತ್ತಿದ್ದರು. ಹಾಗೆ ಕೇಳಿದವರ ಮುಂದೆ ಬರೀ "ಒಳ್ಳೆಯವರು" ಎಂದು ಹೇಳಿ ಹೋದರೆ ಏನೋ ಕೊಂಕಿದೆ ಎಂದೇ ಅರ್ಥ. ಆದ್ದರಿಂದ ನಾವೆಲ್ಲ ನಿಂತು, ಉದಾಹರಣೆ ಸಮೇತ, ಉಸಿರು ಕಟ್ಟಿ ಹೊಗಳುತ್ತಿದ್ದೆವು. ಹುಡುಗಿ ಕಳ್ಳನನ್ನು ಅಟ್ಟಿಸಿಕೊಂಡು ಹೋಗಿದ್ದು, ಅಳತೆಯಲ್ಲಿ ಮೋಸ ಮಾಡಿದ ವ್ಯಾಪಾರಿಯ ತಕ್ಕಡಿ ಕಿತ್ತುಕೊಂಡಿದ್ದು ಎಲ್ಲ ಹೇಳುತ್ತಿದ್ದೆವು. ಅದು ನೆರೆಯವರ ಧರ್ಮ. ನನ್ನ ತಲೆಯೊಳಗೆ ಆವತ್ತು ಕೆಲಸ ಮಾಡಿದ್ದು ಇದೇ. ಬೂಟಿನವರು ನನ್ನ ಕಣ್ಣಿಗೆ ಗಂಡಿನ ಕಡೆಯವರಾಗಿಬಿಟ್ಟರು.

"ಮೇಡಂ ಹೆಂಗೆ?" ಎಂದರು.

"ಚಿನ್ನ ಸರ್. ಯಾರ್ಗೂ ಹೆದ್ರಲ್ಲ. ಮಾರತ್ತಹಳ್ಳಿ ಹತ್ರ ಗುಡಿಸಲು ಕಿತ್ತಾಕಿದಾಗ ಫೀಸಿಲ್ದೆ ಸರ್ಕಾರದ್ ಮೇಲೇ ಕೇಸ್ ಹಾಕಿ ಗೆದ್ರು."

"ಹೌದಾ? ಆಮೇಲೆ?"

"ಆಮೇಲೇನ್ ಸರ್, ತಪ್ಪು ಮಾಡಿದ್ರೆ ಜಡ್ಜನ್ನೂ ಬಿಡಲ್ಲ ಅವ್ರು! ಒಬ್ಬ ಜಡ್ಜ್ ಮೇಲೇ ದೂರು ಬರ್ದಿದ್ರು. ನಾನೇ ಟೈಪ್ ಮಾಡಿದ್ದು."

ಅವರು ಟೀ ಲೋಟ ಕೆಳಗಿಟ್ಟರು. "ಯಾವ ಜಡ್ಜಣ್ಣ?"

ಹೆಸರೂ ಹೇಳಿದೆ. ನಾಲ್ಕು ವರ್ಷ ಹೊಟ್ಟೆಯೊಳಗಿಟ್ಟುಕೊಂಡಿದ್ದನ್ನು ಒಂದು ಖಾರಾ ಬನ್ ಮುಗಿಯುವಷ್ಟರಲ್ಲಿ ಕಕ್ಕಿಬಿಟ್ಟೆ. ಅವರು ಏನೂ ಬರೆದುಕೊಳ್ಳಲಿಲ್ಲ. ತಲೆಯಾಡಿಸಿ, "ಒಳ್ಳೇದಣ್ಣ" ಎಂದು ಬೈಕ್ ಹತ್ತಿ ಹೋದರು. ಮೇಡಂಗೆ ದೊಡ್ಡ ಉಪಕಾರ ಮಾಡಿದೆನೆಂದು ಖುಷಿಯಲ್ಲಿ ನಾನು ಆಫೀಸಿಗೆ ಬಂದೆ.

ಆಮೇಲೆ ಕಾಯುವುದು ಶುರುವಾಯಿತು. ಕಾಯುವುದೆಂದರೆ ಸುಮ್ಮನೆ ಕೂತಿರುವುದಲ್ಲ. ಹೆಸರು ಹೋಗಿದೆಯೆಂಬ ಸುದ್ದಿ ಹೇಗೋ ಹರಡಿತು. "ಮೇಡಂ ಜಡ್ಜಾಗಿ ಹೋಗ್ಬಿಟ್ರೆ ನಮ್ ಕೇಸ್ ಯಾರ್ ನೋಡ್ತಾರೆ?" ಎಂದು ಕಕ್ಷಿದಾರರು ಒಬ್ಬೊಬ್ಬರೇ ಕಡತ ವಾಪಸು ಕೇಳಿದರು. ಇದ್ದ ಒಬ್ಬ ಜೂನಿಯರ್ ವಕೀಲೆ ಇಂದಿರಾನಗರದ ದೊಡ್ಡ ಆಫೀಸು ಸೇರಿಕೊಂಡಳು. ಆ ಕಡೆ ನ್ಯಾಯಪೀಠಕ್ಕೆ ಕರೆಯಲೂ ಇಲ್ಲ, ಈ ಕಡೆ ವಕೀಲಿ ಮಾಡಲು ಬಿಡಲೂ ಇಲ್ಲ. ಬೀದಿಯವರು ಮಾತ್ರ ಆಗಲೇ ಜಡ್ಜು ಮಾಡಿಬಿಟ್ಟಿದ್ದರು. ಇಸ್ತ್ರಿ ಅಂಗಡಿಯವನು "ವಣಕ್ಕಂ ಜಡ್ಜಮ್ಮಾ" ಎಂದು ಕೈ ಮುಗಿಯುತ್ತಿದ್ದ. ಎದುರಿನ ಫ್ಲ್ಯಾಟಿನವರು ಕಾರು ನಿಲ್ಲಿಸುವ ಜಗಳ ತಂದು ತೀರ್ಪು ಕೊಡಿ ಅಂದರು. ಮೇಡಂ, "ಕೆಲಸ ನೋಡ್ಕೊಳ್ಳಿ" ಎಂದು ಕಳುಹಿಸಿದರು.

ತಾಯಿ ದಿನಾ ಹನ್ನೆರಡು ಗಂಟೆಗೆ ಅಂಚೆಯವನು ಹೋದ ಮೇಲೆ ಬಾಗಿಲ ಪರದೆ ಸರಿಸಿ, ಕಾಗದ ಬಂತಾ ಎಂದು ತಮ್ಮ ಮನೆಯ ಉರ್ದುವಿನಲ್ಲಿ ನನ್ನನ್ನು ಕೇಳುತ್ತಿದ್ದರು.

"ಕಾಗದ್ ಆಯಾ ಕ್ಯಾ?"

"ನೈ ಅಮ್ಮಾ" ಎನ್ನುತ್ತಿದ್ದೆ.

ಒಂದೂವರೆ ವರ್ಷ ಕಳೆದ ಮೇಲೆ ಹೊಸ ಜಡ್ಜುಗಳ ಪಟ್ಟಿ ಹೊರಬಂತು. ನಾನು ಕೋರ್ಟಿನಲ್ಲಿ ನಕಲಿನ ಸಾಲಿನಲ್ಲಿದ್ದೆ. ಹಿಂದೆ ನಿಂತಿದ್ದ ಇನ್ನೊಬ್ಬ ಗುಮಾಸ್ತ ಮೊಬೈಲ್ ನೋಡುತ್ತಾ, "ಗುರು, ನಿಮ್ ಮೇಡಂ ಹೆಸ್ರು ಇಲ್ವಲ್ಲೋ ಇದ್ರಲ್ಲಿ" ಎಂದ. ಮೇಡಂ ಜೊತೆಗೆ ದೆಹಲಿಗೆ ಹೆಸರು ಹೋಗಿದ್ದ ಬೇರೆಯವರೆಲ್ಲ ಇದ್ದರು. ಅವರಲ್ಲಿ ಒಬ್ಬರು ನಿಜವಾಗಿಯೂ ಒಳ್ಳೆಯವರು, ಅದನ್ನು ಒಪ್ಪುತ್ತೇನೆ. ಇನ್ನೊಬ್ಬರ ವಾದ ನಾನು ಹಿಂದಿನ ಬೆಂಚಿನಿಂದ ಹತ್ತಾರು ಸಲ ಕೇಳಿದ್ದೇನೆ. ಅವರಿಗಿಂತ ಅವರ ಮಾವನವರನ್ನು ಜನ ಹೆಚ್ಚು ಬಲ್ಲರು. ಆಫೀಸಿಗೆ ಬಂದು ಮೇಡಂಗೆ ಹೇಗೆ ಹೇಳುವುದೆಂದು ಬಾಗಿಲಲ್ಲೇ ಒದ್ದಾಡುತ್ತಿದ್ದೆ. ಅವರು ತಲೆಯೆತ್ತದೆ, "ನೋಡ್ದೆ ರೀ. ನಾಳೆ ನಮ್ದು ಯಾವ ಕೋರ್ಟಲ್ಲಿದೆ?" ಎಂದರು.

ಆಗಿದ್ದು ಆಯಿತು ಎಂದು ಬಿಡಬಹುದಿತ್ತು, ಯಾರಾದರೂ ಒಂದು ಸಾಲು ಬರೆದಿದ್ದರೆ. ನಿಮ್ಮ ಹೆಸರು ಬೇಡವೆಂದೆವು, ಕಾರಣ ಇದು. ಅಥವಾ ಕಾರಣವೇ ಬೇಡ, ಬೇಡವೆಂದೆವು ಎಂದಾದರೂ. ಏನೂ ಇಲ್ಲ. ನಾನು ಇಪ್ಪತ್ತಮೂರು ವರ್ಷ ಕೋರ್ಟು ನೋಡಿದ್ದೇನೆ. ನಮ್ಮ ಅಪೀಲು ಒಂದೇ ಒಂದು ದಿನ ತಡವಾದರೆ, ಆ ದಿನ ಏನು ಮಾಡುತ್ತಿದ್ದಿರೆಂದು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜ್ವರವಿತ್ತು ಅಂದರೆ ಡಾಕ್ಟರ ಚೀಟಿ ತೋರಿಸಬೇಕು. ಕಾರಣ ಬರೆಯದ ತೀರ್ಪನ್ನು ಮೇಲಿನ ಕೋರ್ಟು ಕಿತ್ತು ಬಿಸಾಕುತ್ತದೆ. ಎಲ್ಲರಿಂದಲೂ ಕಾರಣ ಕೇಳುವ ಆ ಕುರ್ಚಿಗೆ ಯಾರನ್ನು ಕೂರಿಸಿದರು, ಯಾರನ್ನು ಬಿಟ್ಟರು, ಯಾಕೆ ಬಿಟ್ಟರು ಎಂದು ಕೇಳಿದರೆ ಮಾತ್ರ ಎಲ್ಲರೂ ಮೌನಗೌರಿಯರು. ಕೂತ ಮೇಲೆ ತಪ್ಪು ಮಾಡಿದವರ ಬಗ್ಗೆ ದೂರು ಕೊಟ್ಟರೂ ಅದೇ ಮೌನ. ನನಗೆ ರೇಗಿ ಹೋಗಿತ್ತು.

ಆ ಸಿಟ್ಟಿನಲ್ಲೇ ಒಂದು ದಿನ, ನಲ್ಲಿಯ ಕೆಳಗೆ ಕೈ ತೊಳೆಯುತ್ತಿರುವಾಗ, ಬೇಕರಿ ನೆನಪಾಯಿತು. ಬೂಟಿನವರು ಟೀ ಲೋಟ ಕೆಳಗಿಟ್ಟದ್ದು ನೆನಪಾಯಿತು. ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಿದ್ದೆ. ನಾನು ಯಾವುದನ್ನು ಮೇಡಂನ ದೊಡ್ಡ ಗುಣವೆಂದು ಹೊಗಳಿದೆನೋ, ಕೇಳಿಸಿಕೊಂಡವರಿಗೆ ಅದೇ ದೋಷವಾಗಿ ಕಂಡಿದ್ದರೆ? ಹಾಳಾದ್ದು, ಇದು ಹಳ್ಳಿಯ ಅಂಗಡಿಯಲ್ಲ, ಹೆಣ್ಣು ಕೇಳುವ ಶಾಸ್ತ್ರವಲ್ಲ ಎಂದು ನನಗೆ ಯಾಕೆ ಹೊಳೆಯಲಿಲ್ಲ?

ನನ್ನಿಂದ ಆಗಿರಬಹುದು. ಸರ್ಕಾರದ ಮೇಲೆ ಹಾಕಿದ ಕೇಸಿನಿಂದ ಆಗಿರಬಹುದು. ಅವರ ಮನೆಯ ಹೆಸರಿನಿಂದ, ಆ ಮನೆಯ ಉರ್ದುವಿನಿಂದ ಆಗಿರಬಹುದು. ಅಥವಾ ಕಡತ ಯಾವುದೋ ಮೇಜಿನ ಮೇಲೆ ಸುಮ್ಮನೆ ಬಿದ್ದಿರಬಹುದು. ತಪ್ಪು ನನ್ನದೆಂದು ಗೊತ್ತಾದರೆ ಮೇಡಂ ಕಾಲು ಹಿಡಿಯುತ್ತಿದ್ದೆ. ಅಲ್ಲವೆಂದು ಗೊತ್ತಾದರೆ ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ. ಎರಡಕ್ಕೂ ದಾರಿಯಿರಲಿಲ್ಲ.

ಎರಡು ವರ್ಷ ಹೀಗೆ ಕುದ್ದು, ಈ ವರ್ಷ ಮೇಡಂಗೆ ಹೇಳದೆ ಪೊಲೀಸ್ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಬೇರೆಯವರ ಗುಟ್ಟು ಏನೂ ಕೇಳಲಿಲ್ಲ. ಇಂಥ ಹೆಸರಿನ ನಾನು, ಇಂಥ ಬೇಕರಿಯ ಮುಂದೆ ನಿಮ್ಮ ಸಿಬ್ಬಂದಿಗೆ ಹೇಳಿದ ಮಾತನ್ನು ನೀವು ಬರೆದಿಟ್ಟಿದ್ದರೆ ಅದರ ನಕಲು ಕೊಡಿ ಎಂದು ಮಾತ್ರ ಕೇಳಿದೆ. ನನ್ನ ಬಾಯಿಂದ ಬಂದ ಮಾತು. ಅದರಲ್ಲಿ ಏನನ್ನು ಬರೆದುಕೊಂಡರು, ಏನನ್ನು ಬಿಟ್ಟರು ಎಂದು ನೋಡಬೇಕಿತ್ತು.

ಒಂದು ತಪ್ಪು ಮಾಡಿದೆ. ಇಷ್ಟು ವರ್ಷದ ಅಭ್ಯಾಸದಲ್ಲಿ, ಉತ್ತರ ಬರಬೇಕಾದ ವಿಳಾಸದ ಜಾಗದಲ್ಲಿ ಕೈ ತಾನಾಗಿಯೇ ಆಫೀಸಿನ ವಿಳಾಸ ಬರೆದಿತ್ತು. ನಮ್ಮ ಆಫೀಸಿನಲ್ಲಿ ಅಂಚೆ ಒಡೆಯುವವರು ಮೇಡಂ.

ಉತ್ತರ ಬಂದ ದಿನ ನಾನು ಕೋರ್ಟಿನಿಂದ ಬಂದಾಗ ಮೇಜಿನ ಮೇಲೆ ಒಂದು ಕಾಗದ ಬಿಡಿಸಿಟ್ಟಿತ್ತು. "ಕೂತ್ಕೊಳ್ಳಿ" ಎಂದರು, ಕಕ್ಷಿದಾರರ ಕುರ್ಚಿ ತೋರಿಸಿ. ಅದರಲ್ಲಿ ನಾನು ಎಂದೂ ಕೂತವನಲ್ಲ. ತುದಿಯಲ್ಲಿ ಕೂತು ಓದಿದೆ. ಮೇಲ್ಗಡೆ ನನ್ನ ಅರ್ಜಿಯ ವಿಷಯವನ್ನು, ಬೇಕರಿಯನ್ನೂ ಬಿಡದೆ, ಎತ್ತಿ ಬರೆದಿದ್ದರು. ತಾವು ಕೋರಿರುವ ಮಾಹಿತಿಯು ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದು, ಗೌಪ್ಯವಾಗಿರುವುದರಿಂದ ಒದಗಿಸಲು ಅವಕಾಶವಿರುವುದಿಲ್ಲ. ಕೆಳಗೆ, ಮೂವತ್ತು ದಿನದೊಳಗೆ ಇದೇ ಕಚೇರಿಯ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು ಎಂದಿತ್ತು. ನಾನು ಆಡಿದ ಮಾತು ನನಗೇ ಗೌಪ್ಯ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಏನ್ ಹೇಳಿದ್ರಿ ಅವರಿಗೆ?" ಎಂದರು ಮೇಡಂ.

ಎಲ್ಲ ಹೇಳಿದೆ. ಖಾರಾ ಬನ್ನಿನ ಸಮೇತ.

"ಜಡ್ಜ್ ಹೆಸರೂ ಹೇಳಿದ್ರಾ?"

"ಹೇಳ್ದೆ ಮೇಡಂ. ನಿಮ್ಗೆ ಒಳ್ಳೇದಾಗ್ಲಿ ಅಂತ..."

"ನನಗ್ ಸಿಗ್ಲಿಲ್ಲ ಅಂತ ಅಲ್ಲ ರೀ ನನ್ ಸಿಟ್ಟು. ವಿಚಾರಣೆನೇ ಆಗ್ದಿರೋ ದೂರು ಅದು. ಒಬ್ಬ ಮನುಷ್ಯನ ಹೆಸರನ್ನ ಬೇಕರೀಲಿ ನಿಂತು ಹೇಳ್ಬಿಟ್ರಲ್ಲ!"

ನನಗೆ ತಡೆಯಲಾಗಲಿಲ್ಲ. "ಅವ್ರು ನಿಮ್ಮನ್ನ ನೋಡಿ ನಕ್ಕಿದ್ರು ಮೇಡಂ. ಕೋರ್ಟ್ ತುಂಬ ನಗ್ಸಿದ್ರು. ಇನ್ನೂ ಅವ್ರ ಮರ್ಯಾದೆ ಕಾಯ್ತೀರಲ್ಲ ನೀವು" ಎಂದು ಕೂಗಿದೆ. ಆ ಆಫೀಸಿನಲ್ಲಿ ನಾನು ಗಂಟಲು ಎತ್ತಿದ್ದು ಅದೇ ಮೊದಲು. ಪರದೆಯ ಹಿಂದೆ ಅವರ ತಾಯಿ ಕೆಮ್ಮಿದರು. ಹತ್ತು ದಿನ ಕೇಸಿನ ನಂಬರು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತಿರಲಿಲ್ಲ.

ಹನ್ನೊಂದನೇ ದಿನ ಆ ಕಾಗದ ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟೆ.

"ಮೇಡಂ, ಇದಕ್ಕೆ ಅಪೀಲ್ ಹಾಕ್ಬೇಕು. ನೀವೇ ಬರ್ಕೊಡಿ. ನೀವು ಬರೆದ್ರೆ ಅವ್ರು ತಪ್ಪಿಸ್ಕೊಳ್ಳಕ್ಕಾಗಲ್ಲ."

ಅವರು ಕಾಗದವನ್ನು ಇನ್ನೊಮ್ಮೆ ಓದಿದರು. ಓದುತ್ತಾ ಹುಬ್ಬು ಏರಿತು. ಇಷ್ಟು ವರ್ಷ ನೋಡಿದ್ದೇನೆ, ಎದುರು ಪಕ್ಷದ ವಾದದಲ್ಲಿ ತೂತು ಕಂಡಾಗ ಅವರ ಹುಬ್ಬು ಹಾಗೆ ಏರುತ್ತದೆ. ಬಿಳಿ ಹಾಳೆ ಎಳೆದುಕೊಂಡು, ಪೆನ್ನು ತೆರೆದು, ಸರಸರನೆ ಎರಡು ಸಾಲು ಬರೆದರು. ನನಗೆ ಎಷ್ಟೋ ದಿನದ ಮೇಲೆ ಉಸಿರು ಹಗುರಾಯಿತು. ಮೂರನೇ ಸಾಲಿಗೆ ಅವರ ಕೈ ನಿಂತಿತು. ಪೆನ್ನಿಗೆ ಟೋಪಿ ಹಾಕಿದರು. ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ ಕಸದ ಬುಟ್ಟಿಗೆ ಹಾಕಿದರು.

"ಆಗಲ್ಲ ರೀ. ಇದ್ರಲ್ಲಿ ನನ್ ವಿಷಯ ಇದೆ. ನಾನು ಬರೆಯೋದು ಸರಿ ಅಲ್ಲ. ಬೇರೆ ವಕೀಲರ ಹತ್ರ ಹೋಗಿ."

"ಒಂದ್ ಪುಟದ ಅಪೀಲು ಮೇಡಂ! ಯಾರ್ ಬರೆದ್ರು ಅಂತ ಯಾರ್ ಕೇಳ್ತಾರೆ?"

"ಯಾರೂ ಕೇಳಲ್ಲ. ಅದಕ್ಕೇ ನಾನೇ ಕೇಳ್ಕೋಬೇಕು."

ಭಾಮೈದನ ಕೇಸನ್ನು ಬಿಡದೆ ಕೂತಿದ್ದವರು ಹಾರ ಹಾಕಿಸಿಕೊಂಡು ಮನೆಗೆ ಹೋದರು. ಗುಮಾಸ್ತನ ಒಂದು ಪುಟದ ಅರ್ಜಿಯನ್ನೂ ತನಗೆ ಸಂಬಂಧವಿದೆಯೆಂದು ಕೈಬಿಡುವವರು ಈ ಕಡೆ ಉಳಿದರು. ಇದನ್ನು ಯಾವ ಬೇಕರಿಯಲ್ಲಿ, ಯಾರ ಮುಂದೆ ಹೇಳಲಿ? ಕೇಳಲು ಈಗ ಯಾರೂ ಬರುವುದಿಲ್ಲ. ಮೇಡಂಗೆ ಜಡ್ಜಾಗುವ ವಯಸ್ಸೂ ಮೀರುತ್ತಾ ಬಂತು.

ಬೇರೆ ವಕೀಲರ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ನನ್ನ ಮೇಜಿನಲ್ಲೇ ಕೂತು, ಊಟದ ಹೊತ್ತಿನಲ್ಲಿ, ನಾನೇ ಬರೆದೆ. ಮೊದಲ ಪ್ಯಾರಾದಲ್ಲಿ ಆ ಜಡ್ಜಿನ ಹೆಸರು ಬಂದುಬಿಟ್ಟಿತು. ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಆಮೇಲೆ ಹಾಳೆ ಬದಲಾಯಿಸಿ, ಆ ಹೆಸರಿಲ್ಲದೆ ಮೊದಲಿನಿಂದ ಬರೆದೆ. ವಿಳಾಸದ ಜಾಗದಲ್ಲಿ ಕೈ ಮತ್ತೆ ಆಫೀಸಿನದನ್ನೇ ಬರೆಯಿತು. ಅದನ್ನು ಮಾತ್ರ ತಿದ್ದಲಿಲ್ಲ. ಇನ್ನು ಮೇಡಂನಿಂದ ಮುಚ್ಚಿಡುವುದು ಏನೂ ಇರಲಿಲ್ಲ.

ಕಳುಹಿಸಿ ನಾಲ್ಕು ತಿಂಗಳಾಯಿತು. ಗುಂಡಿಯ ಪೊಟ್ಟಣ ತಾಯಿಯ ಕಪಾಟಿನಲ್ಲಿ ಹಾಗೆಯೇ ಇದೆ. ಮಗಳ ಹೆಸರು ಬಿಟ್ಟುಹೋಯಿತೆಂದು ಅವರಿಗೆ ಇನ್ನೂ ಯಾರೂ ಹೇಳಿಲ್ಲ. ಬೇಡವೆಂಬ ಕಾಗದವೇ ಬಂದಿಲ್ಲದಿರುವಾಗ ಏನೆಂದು ಹೇಳುವುದು? ಅಂಚೆಯವನು ಬಂದು ಹೋದ ಮೇಲೆ ಪರದೆ ಸರಿಸಿ ಈಗಲೂ ಕೇಳುತ್ತಾರೆ.

"ಕಾಗದ್ ಆಯಾ ಕ್ಯಾ?"

ಬಂದಿದ್ದ ಲಕೋಟೆಗಳನ್ನೆಲ್ಲ ಇನ್ನೊಂದು ಸಲ ತಿರುವಿ ಹಾಕುತ್ತೇನೆ. ಈಗ ಅವರ ಕಾಗದದ ಜೊತೆಗೆ ನನ್ನದನ್ನೂ ಹುಡುಕುತ್ತೇನೆ.

"ನೈ ಅಮ್ಮಾ" ಎನ್ನುತ್ತೇನೆ.